ಉಂಡ ಮುಖದ ಸಿಪಾಯಿಗಳು

ಸಿಪಾಯಿಯನ್ನು ಆರಿಸುವಾಗ ಮೊದಲು ಕಾಲು ನೋಡಬೇಕು, ಆಮೇಲೆ ಬೆನ್ನು, ಕೊನೆಗೆ ಮುಖ ಎಂದು ನನಗೆ ಕಲಿಸಿದವರು ಮದರಾಸಿನ ವಡಪಳನಿಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ ಉಡುಪಿ ಕಡೆಯ ಹಿರಿಯರೊಬ್ಬರು. ಅವರು ಹೇಳುತ್ತಿದ್ದದ್ದು ಅರ್ಧ ಬೆರಳುದ್ದದ ತವರದ ಸಿಪಾಯಿಯ ಮಾತು. ಹಳೆಯ ಕಾಲದ ಯುದ್ಧಗಳನ್ನು ಮೇಜಿನ ಮೇಲೆ ಮತ್ತೆ ಹೂಡುವ ಆಟವೊಂದಿದೆ. ಎರಡೂ ಕಡೆಯ ಸೈನ್ಯವನ್ನು ಇಂಥ ಪುಟ್ಟ ಗೊಂಬೆಗಳಿಂದ ಕಟ್ಟಬೇಕು, ಬಣ್ಣ ಹಚ್ಚಬೇಕು, ಅಳತೆಪಟ್ಟಿ ಹಿಡಿದು ಮುಂದಕ್ಕೆ ನಡೆಸಬೇಕು, ದಾಳ ಉರುಳಿಸಿ ಯಾರು ಬಿದ್ದರು ಯಾರು ನಿಂತರು ಎಂದು ತೀರ್ಮಾನಿಸಬೇಕು. ದೊಡ್ಡವರೇ ಆಡುವ ಆಟ. ಹೀಗೆಂದರೆ ಮುಖ ಮುಖ ನೋಡುವವರೇ ಹೆಚ್ಚು, ನಮ್ಮ ಮನೆಯವರನ್ನೂ ಸೇರಿಸಿ.

ಹೋದ ತಿಂಗಳು ರಾಯರು ಹೋಟೆಲನ್ನು ತಮ್ಮನಿಗೆ ಒಪ್ಪಿಸಿ ಹೆಂಡತಿಯೊಂದಿಗೆ ಊರಿಗೆ ಹೊರಟುಹೋದರು. ಹೋಟೆಲಿನಲ್ಲಿ ಎಲ್ಲರೂ ಅವರನ್ನು ರಾಯರು ಎಂದೇ ಕರೆಯುತ್ತಿದ್ದರು, ನನಗೂ ಅದೇ ರೂಢಿ. ಚೆನ್ನಾಗಿದ್ದಾರೆ. ಆಗಾಗ ಫೋನು ಮಾಡಿ ನನ್ನನ್ನು ಬೈಯುತ್ತಾರೆ. ಜನ ತೀರಿಕೊಂಡ ಮೇಲೆ ಅವರ ಬಗ್ಗೆ ಬರೆಯುವುದು ವಾಡಿಕೆ. ನನಗೆ ಅಷ್ಟು ತಾಳ್ಮೆ ಇಲ್ಲ. ಅವರು ಇದನ್ನು ಓದಿ ತಪ್ಪು ಹುಡುಕಲಿ ಎಂದೇ ಈಗ ಬರೆಯುತ್ತಿದ್ದೇನೆ. ಅವರು ಇನ್ನು ಯಾವತ್ತೂ ಏನನ್ನೂ ಓದಲಾರರು ಎಂದು ಒಂದು ಕಾಲದಲ್ಲಿ ಅವರೂ ನಂಬಿದ್ದರು, ನಾನೂ ನಂಬಿದ್ದೆ.

ನಾನು ಮದರಾಸಿನಲ್ಲೇ ಹುಟ್ಟಿ ಬೆಳೆದವಳು. ಎಷ್ಟೋ ತಲೆಮಾರಿನಿಂದ ಇಲ್ಲೇ ಬೇರೂರಿದ ಮಾಧ್ವರ ಮನೆ ನಮ್ಮದು. ನಾವು ಕನ್ನಡ ಎಂದುಕೊಂಡು ಆಡುವುದರಲ್ಲಿ ಅರ್ಧ ತಮಿಳು. ಕೆಲಸ ಶೋಳಿಂಗನಲ್ಲೂರಿನ ಕಂಪನಿಯೊಂದರಲ್ಲಿ. ಒಂದು ಶನಿವಾರ ಮುರುಗನ್ ದೇವಸ್ಥಾನಕ್ಕೆ ಬಂದವಳು ಹಸಿವು ತಾಳದೆ ಹತ್ತಿರದಲ್ಲಿದ್ದ ಅವರ ಹೋಟೆಲಿಗೆ ನುಗ್ಗಿದೆ. ಗಲ್ಲಾದ ಹಿಂದೆ ದೇವರ ಪಟಗಳ ಪಕ್ಕದಲ್ಲೇ ಗಾಜಿನ ಬೀರು. ಅದರೊಳಗೆ ಸಾಲುಸಾಲಾಗಿ ಪೇಟದವರು, ಕೆಂಪು ಕೋಟಿನವರು, ಫಿರಂಗಿಗಳು, ಎತ್ತುಗಳು.

"ಕೊಲು ಬೊಂಬೆ ಇಷ್ಟು ಚಿಕ್ಕದಾಗೂ ಸಿಗತ್ತಾ? ಎಲ್ಲಿ ವಾಂಗಿದ್ರಿ?" ಎಂದೆ. ಎಲ್ಲಿ ಕೊಂಡಿರಿ ಎನ್ನುವುದಕ್ಕೆ ನಮ್ಮ ಮನೆಯ ಕನ್ನಡ ಅದು. ನವರಾತ್ರಿಗೆ ಮೆಟ್ಟಿಲ ಮೇಲೆ ಕೂರಿಸುವ ಬೊಂಬೆಗಳೆಂದೇ ನನ್ನ ಎಣಿಕೆ.

ಗಲ್ಲಾದ ಮೇಲಿದ್ದವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕೊಲು ಅಲ್ಲಮ್ಮ ಇದು. ಸೈನ್ಯ. ಎಡಗಡೆಯದ್ದು ಮೈಸೂರು, ಬಲಗಡೆಯದ್ದು ಮದರಾಸು. ನವರಾತ್ರಿ ಮುಗಿದ್ರೆ ನಿಮ್ಮ ಬೊಂಬೆಗಳು ಪೆಟ್ಟಿಗೆಗೆ ಹೋಗ್ತವೆ. ಇವರಿಗೆ ರಜೆ ಇಲ್ಲ."

"ಯಾರು ಗೆಲ್ಲೋದು?"

"ಅದು ಭಾನುವಾರ ಮಧ್ಯಾಹ್ನ ಗೊತ್ತಾಗ್ತದೆ. ಬೇಕಾದ್ರೆ ಬನ್ನಿ. ಊಟ ಮಾಡಿ ಬರ್ಬೇಡಿ, ಇಲ್ಲೇ ಉಂಟು."

ಊಟದ ಆಸೆಗೆ ಹೋದೆ ಎಂದು ಅವರು ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ. ಸುಳ್ಳೇನಲ್ಲ. ಹೋಟೆಲಿನ ಮಾಳಿಗೆಯಲ್ಲಿ ಸೀಮಂತ, ಹುಟ್ಟುಹಬ್ಬಗಳಿಗೆ ಬಾಡಿಗೆ ಕೊಡುವ ಹಾಲ್. ಯಾರೂ ಬಾಡಿಗೆಗೆ ಹಿಡಿಯದ ಭಾನುವಾರಗಳಲ್ಲಿ ಊಟದ ಮೇಜುಗಳನ್ನು ಒಟ್ಟಿಗೆ ಸೇರಿಸಿ, ಮೇಲೆ ಹಸಿರು ಬಟ್ಟೆ ಹಾಸಿ, ಬಟ್ಟೆಯಡಿ ಪುಸ್ತಕ ತೂರಿಸಿ ಗುಡ್ಡ ಮಾಡುತ್ತಿದ್ದರು. ಎದುರಾಳಿ ತಾಂಬರಂ ಕಡೆಯ ಶಾಲೆಯೊಂದರ ಚರಿತ್ರೆ ಮೇಷ್ಟ್ರು, ತಮಿಳರು. ಅವರ ಸೈನ್ಯ ಮೈಸೂರುಪಾಕಿನ ಡಬ್ಬಗಳಲ್ಲಿ ಹತ್ತಿಯ ಮೇಲೆ ಮಲಗಿಕೊಂಡು ಎಲೆಕ್ಟ್ರಿಕ್ ಟ್ರೈನಿನಲ್ಲಿ ಬರುತ್ತಿತ್ತು. ಅವರು ಮದರಾಸು, ರಾಯರು ಮೈಸೂರು. ನಾನು ಮೊದಮೊದಲು ದಾಳ ಎತ್ತಿಕೊಡುವವಳು, ಆಮೇಲೆ ಕುದುರೆ ಪಡೆಗೆ ಬಣ್ಣ ಹಚ್ಚುವವಳು, ಕೊನೆಗೆ ಇಬ್ಬರ ಜಗಳ ಬಿಡಿಸುವವಳು.

"ಎಂಗ ಊರ್ಲ ಸಂಬಾದಿಚ್ಚು, ಎಂಗ ಮೇಲಯೇ ಪಡೈ ಎಡುತ್ತು ವರ್ರೀಂಗಳಾ?" ಎಂದು ಮೇಷ್ಟ್ರು ಪ್ರತಿ ಸಲವೂ ಛೇಡಿಸುತ್ತಿದ್ದರು. ನಮ್ಮೂರಲ್ಲಿ ಸಂಪಾದಿಸಿ ನಮ್ಮ ಮೇಲೇ ದಂಡೆತ್ತಿ ಬರುತ್ತೀರಾ ಎಂದು.

"ನಿಮ್ಮ ಸೈನ್ಯಕ್ಕೂ ಸಾಂಬಾರ್ ಹಾಕುದು ನಾನೇ ಅಲ್ವಾ ಮೇಷ್ಟ್ರೇ, ಸುಮ್ಮನೆ ಉಣ್ಣಿ" ಎಂದು ರಾಯರು ಬಡಿಸುತ್ತಿದ್ದರು.

ಈ ಹುಚ್ಚು ಅವರಿಗೆ ಹಿಡಿದದ್ದು ಪುಸ್ತಕದಿಂದಲ್ಲ. ಅವರು ಹುಡುಗನಾಗಿ ಮದರಾಸಿಗೆ ಬಂದಾಗ ಹೋಟೆಲು ಅವರ ಅಪ್ಪನ ಕೈಯಲ್ಲಿತ್ತು. ಹತ್ತಿರದ ಸ್ಟುಡಿಯೋಗಳಲ್ಲಿ ರಾಜರ ಕಾಲದ ಚಿತ್ರ ತೆಗೆಯುವಾಗ ಸಿಪಾಯಿ ವೇಷದ ಎಕ್ಸ್‌ಟ್ರಾಗಳು ವೇಷ ಕಳಚದೆಯೇ ಇಡ್ಲಿ ತಿನ್ನಲು ಬರುತ್ತಿದ್ದರಂತೆ. ಗುರಾಣಿಯನ್ನು ಗೋಡೆಗೊರಗಿಸಿ, ಅಂಟಿಸಿದ ಮೀಸೆಗೆ ಚಟ್ನಿ ತಾಗದಂತೆ ಒಂದು ಕೈಯಲ್ಲಿ ಎತ್ತಿಹಿಡಿದು ತಿನ್ನುತ್ತಿದ್ದರು. ಗೆದ್ದ ಸೈನ್ಯದವನೂ ಸೋತ ಸೈನ್ಯದವನೂ ಒಂದೇ ಬೆಂಚಿನಲ್ಲಿ. "ಯುದ್ಧ ಮುಗಿಸಿ ಬಂದವ ಮೊದಲು ಕೇಳುದು ಕಾಫಿ. ಅದನ್ನು ನಾನು ಕಣ್ಣಾರೆ ಕಂಡವ" ಎನ್ನುತ್ತಿದ್ದರು. ಬಹಳ ವರ್ಷಗಳ ನಂತರ ಹೊರದೇಶದಿಂದ ಬಂದ ಗಿರಾಕಿಯೊಬ್ಬರು ಒಂದು ಪೊಟ್ಟಣ ತವರದ ಸಿಪಾಯಿಗಳನ್ನು ಉಡುಗೊರೆ ಕೊಟ್ಟರು. ಅಲ್ಲಿಂದ ಶುರುವಾದದ್ದು ಬೀರು ತುಂಬಿತು.

ಅವರು ಗೊಂಬೆ ಆರಿಸುವುದನ್ನು ನೋಡುವುದೇ ಒಂದು ಚೆಂದ. ಹೋಟೆಲಿಗೆ ಸಪ್ಲೈಯರ್ ಕೆಲಸ ಕೇಳಿಕೊಂಡು ಬಂದವನನ್ನು ಹೇಗೆ ಪರೀಕ್ಷಿಸುತ್ತಿದ್ದರೋ ಹಾಗೆಯೇ. ಹೊಸಬ ಬಂದರೆ ಹೆಸರು, ಊರು ಕೇಳುವ ಮೊದಲು ಅವನ ಪಾದ ನೋಡುತ್ತಿದ್ದರು. ಪಾದ ಅಗಲಿಸಿ ನಿಂತವನು ಕೈ ತುಂಬ ತಟ್ಟೆ ಹೊರಬಲ್ಲ. ಒಂಟಿಕಾಲಿನ ಮೇಲೆ ಭಾರ ಹಾಕಿ ನಿಂತವನು ಸಾಂಬಾರು ಚೆಲ್ಲುತ್ತಾನೆ. ಆಮೇಲೆ ಬೆನ್ನು. ಕೊನೆಗೆ ಮುಖ. ತವರದ ಸಿಪಾಯಿಯನ್ನೂ ಹಾಗೇ ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದರು. ಕತ್ತಿಯನ್ನು ತಲೆ ಮೇಲೆ ಎತ್ತಿ, ಒಂದು ಕಾಲು ಗಾಳಿಯಲ್ಲಿ ಚಾಚಿ, ಬಾಯಿ ಹರಿಯುವಂತೆ ಕಿರುಚುವ ಗೊಂಬೆಗಳೇ ಅಂಗಡಿಯವರಿಗೆ ಇಷ್ಟ, ನನಗೂ ಇಷ್ಟ. ರಾಯರಿಗೆ ಅವರನ್ನು ಕಂಡರಾಗದು. "ಇವ ಬೆಳಗ್ಗಿಂದ ಹೀಗೇ ಕಿರುಚಿದ್ರೆ ಮಧ್ಯಾಹ್ನಕ್ಕೆ ಗಂಟಲು ಹೋಗ್ತದೆ. ಬೇಡ." ಅವರಿಗೆ ಬೇಕಾದವರು ಬಂದೂಕು ಹೆಗಲಿಗೇರಿಸಿ ಸುಮ್ಮನೆ ನಡೆಯುವವರು. "ಉಂಡ ಮುಖ ಬೇಕು. ಹಸಿದವನ ಮುಖದಲ್ಲಿ ಯುದ್ಧ ನಡೆಯುದಿಲ್ಲ."

ಮೈಸೂರು ಸೈನ್ಯವನ್ನು ಪೂರ್ತಿಯಾಗಿ ಮಾಡಿಕೊಡುವ ತಯಾರಕರು ನಮಗೆ ಸಿಕ್ಕಿರಲಿಲ್ಲ. ಬೇರೆ ಬೇರೆ ದೇಶಗಳ ಸೈನ್ಯಗಳಲ್ಲಿ ಹುಡುಕಿ, ಪೇಟ ಹೊಂದುವವನನ್ನು ಒಂದು ಕಡೆಯಿಂದ, ಚಲ್ಲಣ ಹೊಂದುವವನನ್ನು ಇನ್ನೊಂದು ಕಡೆಯಿಂದ ತರಿಸಬೇಕು. ಉಳಿದ ಆಟಗಾರರು ಇಂಥ ಹೊತ್ತಿನಲ್ಲಿ ಒಬ್ಬನ ತಲೆ ಕತ್ತರಿಸಿ ಇನ್ನೊಬ್ಬನ ಮುಂಡಕ್ಕೆ ಅಂಟಿಸುತ್ತಾರೆ. ಅದು ಈ ಹವ್ಯಾಸದಲ್ಲಿ ದಿನನಿತ್ಯದ ಕೆಲಸ. ರಾಯರು ಮಾತ್ರ ಒಪ್ಪಲಿಲ್ಲ. "ಇದು ಸಸ್ಯಾಹಾರಿ ಹೋಟೆಲು. ತಲೆ ಕಡಿಯುವ ಕೆಲಸ ಮಾಳಿಗೆಯಲ್ಲೂ ಬೇಡ." ಹಾಗಾಗಿ ತಿಂಗಳುಗಟ್ಟಲೆ ಕಾದು, ಹುಟ್ಟಿನಿಂದಲೇ ಸರಿಯಾದ ತಲೆ ಇರುವವನನ್ನೇ ಹುಡುಕಿ ತರಿಸುತ್ತಿದ್ದರು. ಮೇಜಿನ ಮೇಲೆ ಸಿಪಾಯಿಯೊಬ್ಬ ಸತ್ತರೆ ಸತ್ತ ಎನ್ನುವಂತಿರಲಿಲ್ಲ. ಅವನನ್ನೆತ್ತಿ ಸ್ಟೀಲ್ ತಟ್ಟೆಯಲ್ಲಿಟ್ಟು "ಊಟಕ್ಕೆ ಹೋದ" ಎನ್ನಬೇಕು. ಮೇಷ್ಟ್ರೂ ಕ್ರಮೇಣ ಅದನ್ನೇ ತಮಿಳಿನಲ್ಲಿ "ಸಾಪ್ಪಿಡ ಪೋಯಿಟ್ಟಾನ್" ಎನ್ನತೊಡಗಿದರು.

ಎತ್ತುಗಳ ಕಥೆ ಬೇರೆಯೇ. ಬೇರೆಯವರು ಮೊದಲು ಸೇನಾಪತಿಯನ್ನು ಕೊಳ್ಳುತ್ತಾರೆ, ರಾಯರು ಮೊದಲು ಕೊಂಡದ್ದು ಎತ್ತು. ಫಿರಂಗಿ ಎಳೆಯುವ ಎತ್ತು, ಅಕ್ಕಿ ಹೊರುವ ಎತ್ತು, ನೀರಿನವರು, ಅಡುಗೆಯವರು ಎಲ್ಲರೂ ಸಾಲಾಗಿ ಆದ ಮೇಲೆ ಬಂದೂಕಿನವರು. ವಿದೇಶದಿಂದ ಬಂದ ಎತ್ತುಗಳ ಪೊಟ್ಟಣ ಒಡೆದಾಗ ಅವರ ಮುಖ ನೋಡಬೇಕಿತ್ತು. ಅವು ಆ ದೇಶದ ಎತ್ತುಗಳು; ಬೆನ್ನು ಹಲಗೆಯಂತೆ ಚಪ್ಪಟೆ, ಹಿಣಿಲೇ ಇಲ್ಲ. ನೊಗ ಎಲ್ಲಿ ನಿಲ್ಲಬೇಕು? ಅವರು ಅಂಟುಮಣ್ಣು ತರಿಸಿ, ಒಂದೊಂದು ಎತ್ತಿಗೂ ಹಿಣಿಲು ಕೂರಿಸುತ್ತ ಕುಳಿತರು. ಆಟದ ನಿಯಮದಲ್ಲಿ ಎತ್ತಿಗೂ ಅಡುಗೆಯವನಿಗೂ ಯುದ್ಧ ಮಾಡುವ ಬಲ ಇಲ್ಲ. ಒಬ್ಬೊಬ್ಬರ ಸೈನ್ಯಕ್ಕೆ ನಿಗದಿಯಾದ ಲೆಕ್ಕದಲ್ಲಿ ಅವರೇ ತುಂಬಿಕೊಂಡರೆ ಬಂದೂಕಿನವರು ಕಡಿಮೆಯಾಗುತ್ತಾರೆ. ಆದ್ದರಿಂದ ರಾಯರು ಹೆಚ್ಚುಕಡಿಮೆ ಎಲ್ಲ ಭಾನುವಾರವೂ ಸೋತರು. "ನಿಮ್ಮ ಸೈನ್ಯ ಯುದ್ಧಕ್ಕೆ ಬಂದಿದೆಯಾ, ಮದುವೆಗೆ ಬಂದಿದೆಯಾ?" ಎಂದು ನಾನು ರೇಗುತ್ತಿದ್ದೆ. ಅವರು ಹೊಟ್ಟೆ ಕುಲುಕಿಸಿ ನಗುತ್ತಿದ್ದರು.

ಇಷ್ಟು ಪಟ್ಟು ಹಿಡಿದು ಆರಿಸುತ್ತಿದ್ದ ಮನುಷ್ಯ ಎಲ್ಲೋ ಒಂದು ಕಡೆ ಬದಲಾಗತೊಡಗಿದರು. ಮೊದಲು ನನಗೆ ಕಾಣಿಸಿದ್ದು ಕೋಪ ಬರಿಸುವ ಸಣ್ಣಸಣ್ಣ ಸಂಗತಿಗಳು. ಮುಖ ಕಾಣುವಂತಹ ಗೊಂಬೆ ಬಿಟ್ಟು ಮುಸುಕು ಹೊದ್ದವರನ್ನು, ತಲೆ ತಗ್ಗಿಸಿದವರನ್ನು ತರಿಸಿದರು. ಕೇಳಿದರೆ "ಈಗ ಮುಖ ಸರಿ ಕೆತ್ತುದಿಲ್ಲ ಮಾರಾಯ್ತಿ, ಮುಚ್ಚಿದ್ದೇ ವಾಸಿ" ಎಂದರು. ಫೋನಿನಲ್ಲಿ ಹೊಸ ಗೊಂಬೆಗಳ ಚಿತ್ರ ತೋರಿಸಿದರೆ "ನೀನೇ ನೋಡಿ ಹೇಳು" ಎಂದು ತಳ್ಳಿಬಿಡುತ್ತಿದ್ದರು. ಸ್ಕೂಟರು ಬಿಟ್ಟರು, ಮೆಟ್ರೋ ಕೆಲಸದಿಂದ ರಸ್ತೆ ಹಾಳಾಗಿದೆ ಎಂಬ ನೆಪ. ಬೀರುವಿನೊಳಗೆ ಇನ್ನೊಂದು ದೀಪ ಬಂತು, ಆಮೇಲೆ ಮತ್ತೊಂದು. ವಯಸ್ಸಾಯಿತು, ಉತ್ಸಾಹ ಇಳಿಯಿತು ಎಂದುಕೊಂಡೆ ನಾನು. ಮೇಷ್ಟ್ರಂತೂ ಹಾಗೆ ಬಾಯಿಬಿಟ್ಟೇ ಹೇಳಿದರು.

ಆ ಭಾನುವಾರ ಮೇಷ್ಟ್ರು ಒಂದು ಚೀಲ ಹಳೆಯ ಗೊಂಬೆ ತಂದಿದ್ದರು. ಹವ್ಯಾಸ ಬಿಟ್ಟ ಯಾರೋ ಸ್ನೇಹಿತರು ವಿದೇಶದಿಂದ ಕಳಿಸಿಕೊಟ್ಟದ್ದು. ಬಣ್ಣವಿಲ್ಲದ, ಎಲ್ಲ ಸೈನ್ಯಗಳೂ ಕಲಸಿಹೋದ ರಾಶಿ. ಇಂಥದ್ದು ಬಂದಾಗ ನಮ್ಮಲ್ಲೊಂದು ಪದ್ಧತಿ: ರಾಶಿಯನ್ನು ಮೇಜಿನ ಮೇಲೆ ಸುರಿದು, ಸರದಿಯಂತೆ ಒಬ್ಬೊಬ್ಬರು ಒಂದೊಂದು ಆರಿಸಿಕೊಳ್ಳುವುದು. ನನ್ನ ಸರದಿ, ಮೇಷ್ಟ್ರ ಸರದಿ ಬಂದಾಗ ನಾವು ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದೆವು. ರಾಯರು ಮಾತ್ರ ರಾಶಿಯೊಳಗೆ ಕೈಯಿಟ್ಟು, ಹೆಬ್ಬೆರಳಿನಿಂದ ಸವರಿ, ಥಟ್ಟನೆ ಎತ್ತಿಕೊಳ್ಳುತ್ತಿದ್ದರು. ಕೊನೆಗೆ ತಾವು ಆರಿಸಿದವರಲ್ಲಿ ಒಂದಷ್ಟು ಜನರನ್ನು ಎತ್ತುಗಳ ಹಿಂದೆ ಸಾಲಾಗಿ ನಿಲ್ಲಿಸಿ ಕೈಕೊಡವಿದರು. "ಇಷ್ಟು ಜನ ನೀರಿನವರು ಒಟ್ಟಿಗೆ ಸಿಕ್ಕಿದ್ದು ನನ್ನ ಪುಣ್ಯ. ಚರ್ಮದ ಚೀಲ ನೋಡಿ, ಎಷ್ಟು ತುಂಬಿಕೊಂಡುಂಟು."

ಮೇಷ್ಟ್ರು ಬಗ್ಗಿ ನೋಡಿದರು. ನಾನೂ ನೋಡಿದೆ. ಚೀಲ ಇತ್ತು, ನಿಜ. ಕಂಕುಳಲ್ಲಿ ಉಬ್ಬಿದ ಚೀಲ. ಅದರಿಂದ ಮೂರು ಕೊಳವೆ ಮೇಲಕ್ಕೆದ್ದು ಹೆಗಲ ಮೇಲೆ ನಿಂತಿದ್ದವು, ಇನ್ನೊಂದು ಬಾಯಲ್ಲಿತ್ತು. ಸೊಂಟದ ಕೆಳಗೆ ನೆರಿಗೆಯ ಲಂಗ. ಬಿಳಿಯರ ಪಡೆಯ ಮುಂದೆ ಚೀಲದ ವಾದ್ಯ ಊದಿಕೊಂಡು ನಡೆಯುವ ಬ್ಯಾಗ್‌ಪೈಪಿನವರು!

ಮೇಷ್ಟ್ರು ಹೋ ಎಂದು ನಕ್ಕರು. "ರಾಯರ್ ಸಾರ್, ಇವಂಗ ತಣ್ಣಿ ಕುಡುಕ್ಕ ಮಾಟ್ಟಾಂಗ! ವಾಯಿಲ ಕುಳಲ್ ಇರುಕ್ಕು, ಪಾರುಂಗ!" ಇವರು ನೀರು ಕೊಡುವವರಲ್ಲ, ಬಾಯಲ್ಲಿ ಕೊಳಲಿದೆ ನೋಡಿ ಎಂದು ಮೇಜು ಬಡಿದರು.

"ಗೊತ್ತುಂಟು. ತಮಾಷೆಗೆ ಇಟ್ಟದ್ದು" ಎಂದರು ರಾಯರು. ಆದರೆ ಒಬ್ಬನನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದುಕೊಂಡರು. ಎಷ್ಟು ಹತ್ತಿರ ಎಂದರೆ ಆ ಕೊಳವೆಗಳು ಅವರ ಕನ್ನಡಕದ ಗಾಜಿಗೆ ತಾಗಿ ಟಿಕ್ ಎಂದವು. ಅವರ ಕಿವಿ ಕೆಂಪಾದವು. ಮೇಷ್ಟ್ರು ಇನ್ನೂ ನಗುತ್ತಲೇ ಇದ್ದರು. ನನಗೆ ನಗು ಬರಲಿಲ್ಲ. ಅಲ್ಲಿಯವರೆಗೆ ಕಂಡಿದ್ದ ಎಲ್ಲ ನೆಪಗಳೂ ಒಂದಕ್ಕೊಂದು ಸೇರಿಕೊಂಡವು.

ಮೇಷ್ಟ್ರು ಟ್ರೈನಿಗೆ ಹೊರಟ ಮೇಲೆ ನಾನು ಕೂತೇ ಇದ್ದೆ. "ರಾಯರೇ, ಪೊಯ್ ಹೇಳಬೇಡಿ, ಸುಳ್ಳು ಸಾಕು. ಕಣ್ಣು ಎಷ್ಟು ದಿನದಿಂದ ಸರಿಯಿಲ್ಲ?"

ಹಸಿರು ಬಟ್ಟೆ ಮಡಿಸುತ್ತಿದ್ದವರು ಮಡಿಸುತ್ತಲೇ ಇದ್ದರು. ಮಡಿಸಿದ್ದನ್ನು ಬದಿಗಿಟ್ಟು ಕುರ್ಚಿ ಎಳೆದುಕೊಂಡು ಕುಳಿತರು. "ಅಪ್ಪನಿಗೂ ಹೀಗೇ ಶುರುವಾದದ್ದು. ಮೊದಲು ಬಸ್ಸಿನ ಬೋರ್ಡು ಹೋಯ್ತು. ಆಮೇಲೆ ಗಿರಾಕಿಗಳ ಮುಖ. ಕೊನೆಗೆ ಹೋಟೆಲಿನ ಬಾಗಿಲಲ್ಲಿ ಕೂತು ಚಪ್ಪಲಿ ಸದ್ದಿನ ಮೇಲೆ ಜನರ ಗುರ್ತು ಹಿಡಿತಿದ್ರು. ಕಣ್ಣಿನ ನರ ಒಣಗಿದೆ, ಎಂತದೂ ಮಾಡ್ಲಿಕ್ಕಾಗುದಿಲ್ಲ ಅಂತ ಡಾಕ್ಟ್ರು ಕೈಬಿಟ್ಟದ್ದು. ಅದು ಮಕ್ಕಳಿಗೂ ಬರ್ತದಂತೆ."

"ನೀವು ತೋರಿಸಿದ್ರಾ?"

"ಇಲ್ಲ. ಡಾಕ್ಟ್ರು ಹೇಳುವ ತನಕ ಇದು ಬರೀ ಮಂಜು. ಹೇಳಿದ ಮೇಲೆ ಅದಕ್ಕೊಂದು ಹೆಸರು ಬರ್ತದೆ." ಬಲಗೈಯ ಹೆಬ್ಬೆರಳನ್ನು ಎತ್ತಿ ತೋರಿಸಿದರು. "ಅದಕ್ಕೇ ಇವನಿಗೆ ಅಭ್ಯಾಸ ಮಾಡಿಸ್ತಿದ್ದೇನೆ. ಕಣ್ಣು ಮುಚ್ಚಿ ಆರಿಸುದು. ಬಂದೂಕು ಗೊತ್ತಾಗ್ತದೆ, ಪೇಟ ಗೊತ್ತಾಗ್ತದೆ, ಎತ್ತಿನ ಹಿಣಿಲಂತೂ ಚೆಂದ ಗೊತ್ತಾಗ್ತದೆ. ಮುಖ ಮಾತ್ರ ಗೊತ್ತಾಗುದಿಲ್ಲ ನೋಡು. ಎಲ್ಲರದ್ದೂ ಒಂದೇ ಬಟಾಣಿ."

ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಕುರುಡನಾಗಲು ತಾಲೀಮು ಮಾಡುತ್ತ ಕೂತ ಮನುಷ್ಯನಿಗೆ ಏನು ಹೇಳುವುದು? "ಅಮ್ಮನಿಗೆ ಗೊತ್ತಾ?" ಎಂದೆ. ಅವರ ಹೆಂಡತಿಯನ್ನು ನಾವೆಲ್ಲ ಅಮ್ಮ ಎನ್ನುವುದು.

"ಅವಳಿಗೆ ಗೊತ್ತಿಲ್ಲ. ಹೇಳುದೂ ಬೇಡ. ಮನೆಯಲ್ಲಿ ಎಲ್ಲ ಸಾಮಾನಿನ ಜಾಗ ನನಗೆ ಬಾಯಿಪಾಠ, ಹೇಗೋ ನಡೀತದೆ. ಅಪ್ಪನ ಚಾಕರಿ ಮಾಡಿದ್ದೂ ಅವಳೇ. ಕೈ ಹಿಡಿದು ನಡೆಸಿದ್ದು, ಅನ್ನ ಕಲಸಿ ಕೊಟ್ಟದ್ದು. ಮತ್ತೊಮ್ಮೆ ಅವಳ ತಲೆಗೆ ಕಟ್ಟುದಾ?"

ನಾನು ಒಂದೇ ಷರತ್ತು ಹಾಕಿದೆ. ಕಣ್ಣಾಸ್ಪತ್ರೆಗೆ ಬಂದರೆ ಅಮ್ಮನಿಗೆ ನಾನಾಗಿ ಹೇಳುವುದಿಲ್ಲ. ಬರದಿದ್ದರೆ ಈಗಲೇ ಕೆಳಗಿಳಿದು ಹೇಳುತ್ತೇನೆ. ಅವರು ಬಡಪೆಟ್ಟಿಗೆ ಒಪ್ಪುವವರಲ್ಲ. ನಾನು ಮೆಟ್ಟಿಲಿಳಿಯಲು ಎದ್ದ ಮೇಲೆಯೇ "ಆಯ್ತು, ನಿಲ್ಲು" ಎಂದದ್ದು.

ಆಫೀಸಿಗೆ ರಜೆ ಹಾಕಿ, ಹೊಸ ಗೊಂಬೆ ನೋಡಲು ಹೋಗುತ್ತೇವೆಂದು ಅಮ್ಮನಿಗೆ ಹೇಳಿ ಕರೆದುಕೊಂಡು ಹೋದೆ. ಕಣ್ಣಿಗೆ ಔಷಧಿ ಬಿಟ್ಟು ಬೆಂಚಿನಲ್ಲಿ ಕೂರಿಸಿದರು. ಅತ್ತ ಇತ್ತ ಹಾಗೆಯೇ ಕಣ್ಣು ಮುಚ್ಚಿ ಕೂತ ಹಿರಿಯರು. ಎದುರುಗಡೆ ಗೋಡೆಯಲ್ಲಿ ಟಿವಿ ಓಡುತ್ತಿತ್ತು, ನೋಡುವವರು ಯಾರೂ ಇರಲಿಲ್ಲ.

"ಇಲ್ಲಿ ಕೂತವರದ್ದೆಲ್ಲ ಮುಖ ಹೇಗುಂಟು?" ಎಂದು ರಾಯರು ಪಿಸುಗುಟ್ಟಿದರು.

"ಎಲ್ಲ ಹಸಿದ ಮುಖ."

"ಹಾಗಾದ್ರೆ ಯಾರನ್ನೂ ಆರಿಸಬೇಡ" ಎಂದು ನಕ್ಕರು. ನಕ್ಕವರ ಕೈ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಅದನ್ನು ಯಾವಾಗ ಹಿಡಿದುಕೊಂಡರೋ ನನಗೆ ಗೊತ್ತೇ ಆಗಿರಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಪ್ಪನ ಕಥೆಯನ್ನು ಪೂರ್ತಿ ಕೇಳಿಸಿಕೊಂಡರು. ಯಂತ್ರದ ಮೇಲೆ ಗದ್ದ ಇಡಿಸಿ, ಬೆಳಕು ಬಿಟ್ಟು, ಒಂದು ಕಣ್ಣು, ಇನ್ನೊಂದು ಕಣ್ಣು, ಮತ್ತೆ ಮೊದಲನೆಯದು ಎಂದು ನೋಡುತ್ತಲೇ ಇದ್ದರು. ಮತ್ತೊಂದು ಕೋಣೆಗೆ ಕಳಿಸಿ ಇನ್ನೇನೋ ಚಿತ್ರ ತೆಗೆಸಿದರು. ರಾಯರ ಅಪ್ಪನಿಗೆ ಹೇಳಿದ್ದನ್ನೇ ಇವರಿಗೂ ಹೇಳುತ್ತಾರೆ ಎಂದು ನಾನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡು, ಅದನ್ನು ಅಮ್ಮನಿಗೆ ಹೇಗೆ ತಿಳಿಸುವುದೆಂದು ವಾಕ್ಯ ಜೋಡಿಸುತ್ತಿದ್ದೆ.

ಡಾಕ್ಟರು ಕುರ್ಚಿ ಹಿಂದಕ್ಕೆ ಸರಿಸಿದರು. "ನರಂಬು ನಲ್ಲಾ ಇರುಕ್ಕು ಅಯ್ಯಾ. ಇದು ವೆರುಂ ಪುರೈ ದಾನ್. ರೊಂಬ ಮುತ್ತಿಡುಚ್ಚು. ಎಡುತ್ತುಡಲಾಂ."

ರಾಯರು ಅಲ್ಲಾಡಲಿಲ್ಲ. ಇನ್ನೊಮ್ಮೆ ಹೇಳಿ ಎಂದು ತಮಿಳಿನಲ್ಲೇ ಕೇಳಿದರು. ಅವರು ಇನ್ನೊಮ್ಮೆ ಹೇಳಿದರು. ಜೀವಮಾನವಿಡೀ ತಮಿಳರಿಗೆ ತಮಿಳಿನಲ್ಲೇ ಬಡಿಸಿದ, ತಮಿಳಿನಲ್ಲೇ ಜಗಳವಾಡಿದ ಮನುಷ್ಯ ನನ್ನ ಕಡೆ ತಿರುಗಿ, "ನೀನು ಕನ್ನಡದಲ್ಲಿ ಹೇಳು" ಎಂದರು.

"ನರ ಚೆನ್ನಾಗಿದೆ ರಾಯರೇ. ಬರೀ ಪೊರೆ. ತುಂಬ ಬಲಿತುಬಿಟ್ಟಿದೆ. ತೆಗೆದುಬಿಡಬಹುದು."

"ಇನ್ನೊಮ್ಮೆ."

ಇನ್ನೊಮ್ಮೆ ಹೇಳಿದೆ.  

ಹೊರಗೆ ಬಂದದ್ದೇ ಇಬ್ಬರಿಗೂ ವಿಪರೀತ ಹಸಿವು. ಎದುರಿಗಿದ್ದ ಯಾವುದೋ ಹೋಟೆಲಿಗೆ ಹೊಕ್ಕು ಇಡ್ಲಿ, ವಡೆ, ಪೊಂಗಲ್, ಮೇಲೆ ದೋಸೆ ತರಿಸಿಕೊಂಡೆವು. ಕಪ್ಪು ಕನ್ನಡಕ ಹಾಕಿಕೊಂಡ ರಾಯರು ಪ್ರತಿ ತುತ್ತಿಗೂ ಒಂದೊಂದು ತಪ್ಪು ಹುಡುಕಿದರು. ಸಾಂಬಾರಿಗೆ ಬೇಳೆ ಸಾಲದು, ಚಟ್ನಿಗೆ ನೀರು ಹೆಚ್ಚು, ಸಪ್ಲೈಯರ್ ನಡೆಯುವ ಸದ್ದು ಕೇಳಿದರೇ ಅವನಿಗೆ ಚಪ್ಪಟೆ ಪಾದ ಎಂದು ಗೊತ್ತಾಗುತ್ತದಂತೆ. ಅಷ್ಟನ್ನೂ ಗಟ್ಟಿಯಾಗಿ ಹೇಳುತ್ತ, ತಟ್ಟೆ ಒರೆಸಿ ತಿಂದರು. ಪಕ್ಕದ ಮೇಜಿನವರು ನಮ್ಮನ್ನು ತಿರುಗಿ ನೋಡುತ್ತಿದ್ದರು. ನೋಡಲಿ ಬಿಡಿ, ಅಷ್ಟು ರುಚಿಯಾದ ಕೆಟ್ಟ ಸಾಂಬಾರನ್ನು ನಾನು ಇನ್ನೆಲ್ಲೂ ತಿಂದಿಲ್ಲ.

ಆಪರೇಷನ್ ಎಂದ ಮೇಲೆ ಅಮ್ಮನಿಗೆ ಹೇಳದೆ ವಿಧಿಯಿರಲಿಲ್ಲ. ರಾಯರೇ ಹೇಳಿದರು, ನಾನು ಪಕ್ಕದಲ್ಲಿ ತಪ್ಪಿತಸ್ಥಳ ಹಾಗೆ ನಿಂತಿದ್ದೆ. ಅಮ್ಮ ಮೃದು ಮಾತಿನವರು. ಆ ದಿನ ಮಾತ್ರ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟು, "ಇಷ್ಟು ಸಮಯ ನಿಮಗೆ ನಾನು ಕಾಣ್ತಿರ್ಲಿಲ್ವಾ? ಮತ್ತೆ ಎಂತಕ್ಕೆ ನನ್ನತ್ರ ಹೇಳ್ಲಿಲ್ಲ? ನಿಮ್ಮ ತವರದ ಸಿಪಾಯಿಗೆ ಗೊತ್ತುಂಟು, ಈ ಹುಡುಗಿಗೆ ಗೊತ್ತುಂಟು, ನನಗೆ ಗೊತ್ತಿಲ್ಲ" ಎಂದರು. ಆಮೇಲೆ ಆಪರೇಷನ್ನಿನ ದಿನದವರೆಗೂ ನಮ್ಮಿಬ್ಬರ ಜೊತೆ ಮಾತು ಬಿಟ್ಟರು. ಮಾತಾಡದೆಯೇ ಹೊತ್ತುಹೊತ್ತಿಗೆ ಬಡಿಸಿದರು. ಐವತ್ತು ದಾಟಿದ ನನ್ನನ್ನು ಹುಡುಗಿ ಎಂದದ್ದಕ್ಕೆ ಖುಷಿಪಡಲೂ ಆಗದ ಪರಿಸ್ಥಿತಿ.

ಎರಡೂ ಕಣ್ಣಿನ ಪೊರೆ ತೆಗೆಸಿ ರಾಯರು ಮತ್ತೆ ಮಾಳಿಗೆ ಹತ್ತಿದ ಭಾನುವಾರ ನಮಗೆ ಹಬ್ಬ. ಬೀರು ತೆರೆದು, ಮಂಜಿನ ಕಾಲದಲ್ಲಿ ತಾವೇ ಬಣ್ಣ ಹಚ್ಚಿದ್ದ ಪಡೆಗಳನ್ನು ಹೊರಗೆ ತೆಗೆದರು. ತೆಗೆದವರು ಹೌಹಾರಿದರು. ಪೊರೆ ಬಂದ ಕಣ್ಣಿಗೆ ಬಿಳಿಯೆಲ್ಲ ಹಳದಿಯಾಗಿ ಕಾಣುತ್ತಿತ್ತಂತೆ. ಅದನ್ನು ಸರಿಮಾಡಲು ಅವರು ನೀಲಿ ಬೆರೆಸಿದ್ದರು, ಸಾಲದೆಂದು ಇನ್ನಷ್ಟು ನೀಲಿ. ಒಗೆದ ಪಂಚೆಗೆ ನೀಲಿ ಹೆಚ್ಚಾದರೆ ಹೇಗೋ ಹಾಗೆ ಒಂದಿಡೀ ದಂಡು ನಿಂತಿತ್ತು. ಎತ್ತುಗಳೂ ನೀಲಿ.

"ಇದನ್ನೆಲ್ಲ ನೋಡಿ ನೀವು ಸುಮ್ಮನಿದ್ರಾ?" ಎಂದು ನಮ್ಮ ಮೇಲೇ ಹಾರಿಬಿದ್ದರು.

"ಅದೇ ನಿಮ್ಮ ಹೊಸ ಸ್ಟೈಲ್ ಅಂತ ಅಂದ್ಕೊಂಡೆವು" ಎಂದೆ. ಮೇಷ್ಟ್ರು ಗೋಡೆ ಕಡೆ ತಿರುಗಿ ನಗು ತಡೆಯುತ್ತಿದ್ದರು. ಮತ್ತೆ ಬಣ್ಣ ಹಚ್ಚೋಣವೇ ಎಂದು ಕೇಳಿದರೆ ರಾಯರು ಒಪ್ಪಲಿಲ್ಲ. ಒಮ್ಮೆ ಕೆಲಸಕ್ಕೆ ಸೇರಿಸಿಕೊಂಡ ಮೇಲೆ ಬಣ್ಣ ಸರಿಯಿಲ್ಲ ಎಂದು ಕಳಿಸುವ ಕ್ರಮ ಅವರ ಹೋಟೆಲಿನಲ್ಲಿ ಇಲ್ಲವಂತೆ. ಬ್ಯಾಗ್‌ಪೈಪಿನವರೂ ಅದೇ ನ್ಯಾಯದಲ್ಲಿ ಮೈಸೂರು ಸೈನ್ಯದ ನೀರಿನವರಾಗಿಯೇ ಉಳಿದರು. ಆ ದಿನವೂ ರಾಯರು ಸೋತರು. ಸೋಲುವಾಗ ಪ್ರತಿಯೊಬ್ಬ ಸಿಪಾಯಿಯ ಮುಖವನ್ನೂ ದೂರದಿಂದಲೇ ನೋಡಿ, ಇವ ಊಟಕ್ಕೆ ಹೋದ, ಇವನೂ ಹೋದ ಎಂದು ಹೇಳುತ್ತಿದ್ದರು. ಅಷ್ಟು ಸಂತೋಷದಿಂದ ಸೋತವರನ್ನು ನಾನು ಕಂಡದ್ದಿಲ್ಲ.

ಆದರೆ ಈಗ ಅವರು ಊರಿಗೆ ಹೋದ ಮೇಲೆ ನನಗೆ ಮತ್ತೆ ಮತ್ತೆ ನೆನಪಾಗುವುದು ಮೊದಲ ಕಣ್ಣಿನ ಪಟ್ಟಿ ಬಿಚ್ಚಿದ ಬೆಳಗ್ಗೆ. ಆಸ್ಪತ್ರೆಯ ಸಣ್ಣ ಕೋಣೆ. ನರ್ಸು ಪಟ್ಟಿ ತೆಗೆದು, ಹತ್ತಿಯಿಂದ ರೆಪ್ಪೆ ಒರೆಸಿ, ಮೆಲ್ಲಗೆ ಕಣ್ಣು ಬಿಡಿ ಎಂದಳು. ಎದುರಿನ ಸ್ಟೂಲಿನಲ್ಲಿ ಅಮ್ಮ, ಇನ್ನೂ ಮುನಿಸಿನಲ್ಲೇ, ಮಡಿಲಲ್ಲಿ ಫ್ಲಾಸ್ಕ್ ಹಿಡಿದುಕೊಂಡು ಕೂತಿದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ರಾಯರು ಕಣ್ಣು ಬಿಟ್ಟರು. ನೀರು ಸುರಿಯಿತು. ಒರೆಸಿಕೊಂಡು ಮತ್ತೆ ಬಿಟ್ಟರು. "ಗೋಡೆ ಎಷ್ಟು ಬಿಳಿ ಉಂಟು" ಎಂದರು. ಆಮೇಲೆ ಅವರ ದೃಷ್ಟಿ ಅಮ್ಮನ ಮೇಲೆ ಬಂದು ಅಲ್ಲೇ ನಿಂತಿತು.

ಎಷ್ಟೋ ಹೊತ್ತು ನೋಡಿದರು. ಅಮ್ಮನಿಗೆ ಇರುಸುಮುರುಸಾಗಿ ಸೆರಗು ಸರಿಮಾಡಿಕೊಂಡರು.

"ನಿನ್ನ ಕಿವಿಯಲ್ಲಿ ಬಿಳಿ ಬೆಂಡೋಲೆ ಇತ್ತಲ್ಲ" ಎಂದರು ರಾಯರು. "ಇದು ಕೆಂಪಿನದ್ದು. ಯಾವಾಗ ಮಾಡಿಸಿದ್ದು? ಚೆಂದ ಉಂಟು."

ಅಮ್ಮ ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸಿದರು, ಮತ್ತೆ ಬಿಗಿ ಮಾಡಿದರು.

"ಹೋದ ದೀಪಾವಳಿಯ ಹಿಂದಿನ ದೀಪಾವಳಿಗೆ" ಎಂದರು. "ಹಾಕಿಕೊಂಡು ನಿಮ್ಮ ಎದುರು ಎಷ್ಟು ಸಲ ತಿರುಗಾಡಿದೆ. ನೀವು ಎಂತದೂ ಹೇಳ್ಲಿಲ್ಲ. ನನಗೆ ಒಪ್ಪುದಿಲ್ಲ, ಅದಕ್ಕೇ ಸುಮ್ಮನಿದ್ದೀರಿ ಅಂತ ಗ್ರಹಿಸಿದ್ದೆ."

ರಾಯರು ಕೈ ಚಾಚಿದರು. ಅಮ್ಮ ಆ ಕೈಯನ್ನು ಹಿಡಿದುಕೊಳ್ಳಲಿಲ್ಲ, ತಳ್ಳಲೂ ಇಲ್ಲ. ಕಿಟಕಿಯ ಬೆಳಕಿನ ಕಡೆಗೆ ಮೆಲ್ಲಗೆ ತಲೆ ತಿರುಗಿಸಿ, ಇನ್ನೊಂದು ಕಿವಿಯನ್ನೂ ತೋರಿಸಿದರು.